ಮಿಣಕಿಯ ಬೆನ್ನಿನ ಪಟ್ಟಿ

ಕಡಲ ತಳದ ಹೊಗೆಗೂಡು ಎರಡಾಳು ಎತ್ತರಕ್ಕೆ ಬೆಳೆದಿದ್ದಾಗ ನಡೆದದ್ದು ಇದು. ಆ ಕಲ್ಲಿನ ಗೂಡಿನ ಬಾಯಿಂದ ಕುದಿನೀರು ಕಪ್ಪು ಹೊಗೆಯ ಹಾಗೆ ಚಿಮ್ಮುತ್ತಿತ್ತು. ಬಿಸಿಲು ಅಷ್ಟು ಆಳಕ್ಕೆ ಎಂದೂ ಇಳಿದಿರಲಿಲ್ಲ. ಗೂಡಿನ ಬೆಚ್ಚನೆಯ ಮೈಗೆ ಅಂಟಿಕೊಂಡು ಸಿಗಡಿಗಳ ಬಳಗವೊಂದು ಬದುಕಿತ್ತು.

ಮರಿಯಾಗಿದ್ದಾಗ ಆ ಸಿಗಡಿಗಳಿಗೆ ಕಣ್ಣಿರುತ್ತಿತ್ತು. ಬೆಳೆದಂತೆ ಕಣ್ಣು ಮಾಯವಾಗಿ ಬೆನ್ನ ಮೇಲೆ ತೆಳುವಾದ ಪಟ್ಟಿ ಮೂಡುತ್ತಿತ್ತು. ಕುದಿನೀರಿನಿಂದ ಹೊಮ್ಮುವ, ಕಣ್ಣಿಗೆ ಕಾಣದಷ್ಟು ಮಸುಕಾದ ಬೆಳಕು ತಾಗಿದರೆ ಪಟ್ಟಿ ಚುರುಗುಟ್ಟುತ್ತಿತ್ತು. ಸಿಗಡಿ ಹಿಂದೆ ಸರಿಯುತ್ತಿತ್ತು. ಇದನ್ನು ಯಾರೂ ನೋಟ ಎಂದು ಕರೆದಿರಲಿಲ್ಲ.

ಹೀಗಿರುವಾಗ ತಣ್ಣೀರಿನ ಕಡೆಯಿಂದ ಸುರುಳಿರಾಯನೆಂಬ ಆಕ್ಟೋಪಸ್ ಬಂದ.

"ಅಯ್ಯೋ ಮಕ್ಕಳೇ, ಇಡೀ ಬಳಗವೇ ಕುರುಡು! ಕುದಿನೀರಿಗೆ ಬಿದ್ದು ಬೆಂದುಹೋಗುತ್ತೀರಿ. ನನಗೆ ತಟ್ಟೆಯಗಲದ ಕಣ್ಣಿದೆ. ನಾನು ಕಾವಲಿರುತ್ತೇನೆ. ಹಸಿವಾದಾಗ ಒಬ್ಬರನ್ನು ಕಳಿಸಿದರೆ ಸಾಕು."

ಬಳಗದ ಹಿರಿಯ ಬೂದಪ್ಪ ಹೆದರಿ ಒಪ್ಪಿದ. ಒಬ್ಬೊಬ್ಬರೇ ಹೋದರು. ಕೊನೆಗೆ ಮಿಣಕಿ ಎಂಬ ಸಿಗಡಿಯ ತಂಗಿ ಚುಕ್ಕಿಯ ಸರದಿ ಬಂತು. ಮಿಣಕಿ ತಂಗಿಯನ್ನು ಅವಚಿಕೊಂಡಳು.

"ಕಳಿಸುವುದಿಲ್ಲ."

"ಏನಂದೆ ಕುರುಡಿ?" ಸುರುಳಿರಾಯ ಗುರುಗುಟ್ಟಿದ.

"ನಿನಗೆ ಕಿವಿಯೂ ಮಂದವೇ? ಕಳಿಸುವುದಿಲ್ಲ ಅಂದೆ." ಮಿಣಕಿ ಬೂದಪ್ಪನ ಕಡೆ ತಿರುಗಿದಳು. "ದೊಡ್ಡಪ್ಪ, ಇವನು ಬರುವ ಮೊದಲು ಎಷ್ಟು ಮಂದಿ ಬೆಂದರು?"

ಬೂದಪ್ಪ ಮೀಸೆ ಆಡಿಸುತ್ತ ಯೋಚಿಸಿದ. "ನನ್ನ ಕಾಲದಲ್ಲಿ... ಒಬ್ಬರೂ ಇಲ್ಲ ಕಣವ್ವ."

"ಬಂದ ಮೇಲೆ ಎಷ್ಟು ಮಂದಿ ಹೋದರು?"

"ಹನ್ನೆರಡು." ಅವನ ದನಿ ಕುಸಿಯಿತು. "ಎಲ್ಲರೂ ಇವನ ಹೊಟ್ಟೆಗೇ."

ಬಳಗದಲ್ಲಿ ಗುಜುಗುಜು ಎದ್ದಿತು. ಸುರುಳಿರಾಯ ರೇಗಿದ.

"ತಂಗಿ ಬೇಡ, ನಿನ್ನನ್ನೇ ತಿನ್ನುತ್ತೇನೆ!"

ಮಿಣಕಿ ಚುಕ್ಕಿಯನ್ನು ಬೂದಪ್ಪನತ್ತ ನೂಕಿ ಗೂಡಿನ ಮೇಲಕ್ಕೆ ಹಾರಿದಳು. ಬಾಯಿಯ ಹತ್ತಿರ ಬೆನ್ನು ಚುರುಗುಟ್ಟಿತು. ಇನ್ನೊಂದು ಗೇಣು ಹೋದರೆ ಸಾವು. ಅಲ್ಲೇ ನಿಂತಳು.

"ಇಲ್ಲಿದ್ದೇನೆ ರಾಯರೇ! ಕಣ್ಣಿದೆಯಲ್ಲ, ಬಂದು ಹಿಡಿಯಿರಿ!"

ಆ ಕತ್ತಲಲ್ಲಿ ತಟ್ಟೆಯಗಲದ ಕಣ್ಣಿಗೆ ಕಂಡದ್ದು ಬರೀ ಕತ್ತಲೆ. ಸುರುಳಿರಾಯ ದನಿ ಬಂದ ಕಡೆಗೆ ಕೈಗಳನ್ನು ಬೀಸಿದ. ಮಿಣಕಿ ಪಕ್ಕಕ್ಕೆ ಚಿಮ್ಮಿದಳು. ಕೈಗಳು ನೇರ ಕುದಿನೀರಿಗೆ ಹೋದವು.

ಅವನ ಕೂಗಿಗೆ ಗೂಡೇ ನಡುಗಿತು.

"ಹುಷಾರು ಕಾವಲುಗಾರಪ್ಪ, ಅಲ್ಲಿ ಬಿಸಿ ಇದೆ!" ಎಂದ ಬೂದಪ್ಪ. ಬಳಗವೆಲ್ಲ ಗೊಳ್ಳೆಂದಿತು.

ಸುರುಳಿರಾಯ ತಣ್ಣೀರಿಗೆ ಓಡಿದ. ಅವನಿಗೆ ಉಳಿದ ಕೈಗಳು ಐದು.

ನೀತಿ: ನಮ್ಮ ಕೊರತೆಯನ್ನು ಎತ್ತಿ ಹೆದರಿಸಿ ಕಾವಲಿಗೆ ನಿಲ್ಲುವವನನ್ನು ಮೊದಲು ಪ್ರಶ್ನಿಸಬೇಕು.