ಜಮಖಾನೆ ಏರಿ

ಸಂಗೇನೂರಿನ ಕೆರೆಗೆ ಇಂದು ಹೋದವರಿಗೆ ಮೊದಲು ಕಾಣುವುದು ಕೆರೆಯಲ್ಲ, ಬಣ್ಣ ಬಳಿದ ಕಮಾನು. ಅದನ್ನು ಕಟ್ಟಿಸಿದ ಜನಪ್ರತಿನಿಧಿಗಳ ಹೆಸರುಗಳು ಅದರ ಮೇಲೆ ದಪ್ಪಕ್ಷರದಲ್ಲಿವೆ. ಕೆರೆಯ ಹೆಸರಿಗೆ ಜಾಗ ಸಾಲದೆ ಅದು ಮೂಲೆಗೆ ಸರಿದಿದೆ. ಕಮಾನು ದಾಟಿದರೆ ಏರಿಯ ಹೊರಮಗ್ಗುಲಿನ ಬುಡದಲ್ಲಿ ಟೈಲ್ಸ್ ಹಾಸಿದ ಕಾಲುದಾರಿ. ಹಳೆಯ ಹುಣಸೆ ಮರದ ಹತ್ತಿರ ಆ ದಾರಿ ಥಟ್ಟನೆ ನಿಂತುಹೋಗುತ್ತದೆ. ಅಲ್ಲಿ ಸ್ವಲ್ಪ ದೂರ ಬರೀ ಮಣ್ಣು, ಆಮೇಲೆ ಮತ್ತೆ ಟೈಲ್ಸ್. ಗುತ್ತಿಗೆದಾರ ನುಂಗಿಹಾಕಿದ್ದಾನೆ ಎಂದು ಪರವೂರಿನವರು ನಗುತ್ತಾರೆ. ಉಳಿದದ್ದರಲ್ಲಿ ಹೇಗೋ, ಇದೊಂದರಲ್ಲಿ ಅವನು ನಿರಪರಾಧಿ. ಆ ತುಂಡು ನೆಲದ ಮೇಲೆ ಏನನ್ನೂ ಹಾಸಲು ಊರವರೇ ಬಿಡಲಿಲ್ಲ. ಹುಣಸೆ ಮರದ ಬಳಿ ಏನನ್ನೂ ಹಾಸಗೊಡದ ಈ ಏರಿಯನ್ನೇ ಜನ ಜಮಖಾನೆ ಏರಿ ಎಂದು ಕರೆಯುತ್ತಾರೆ. ಆ ಹೆಸರು ಬಂದ ಬಗೆಯನ್ನು ಕೆಳಗಿನ ಕೇರಿಯ ಹಿರಿಯರು ಹೀಗೆ ಹೇಳುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲ ಮುಗಿದು ಮುಂದಿನ ದೊರೆ ಯಾರೆಂದು ಜನರಿಗೆ ಸರಿಯಾಗಿ ತಿಳಿಯದಿದ್ದ ದಿನಗಳಲ್ಲಿ, ಈ ಕೆರೆಯ ನೀರುಣ್ಣುವ ಹಳ್ಳಿಗಳು ತಮ್ಮೊಳಗೇ ಒಬ್ಬನನ್ನು ಕೆರೆಹಿರಿಯನೆಂದು ಆರಿಸಿಕೊಳ್ಳುತ್ತಿದ್ದವಂತೆ. ಕೆಲವು ವರ್ಷಕ್ಕೊಮ್ಮೆ ಎಲ್ಲರೂ ಬಯಲಿನಲ್ಲಿ ಸೇರಿ, ಮನೆಗೊಂದು ಬುಟ್ಟಿ ಮಣ್ಣನ್ನು ತಮಗೆ ಬೇಕಾದವನ ಮುಂದೆ ಸುರಿಯಬೇಕು. ಯಾರ ಗುಡ್ಡೆ ದೊಡ್ಡದೋ ಅವನೇ ಹಿರಿಯ. ಆಮೇಲೆ ಗೆದ್ದವನ ಮಣ್ಣೂ ಸೋತವನ ಮಣ್ಣೂ ಒಟ್ಟಿಗೆ ಏರಿಗೆ ಹೋಗಬೇಕು. ಹಿರಿಯನಾದವನಿಗೆ ಮುಖ್ಯವಾದ ಕೆಲಸ ಒಂದೇ. ಕೆರೆ ತುಂಬಿದಾಗ ಏರಿಯ ಬುಡದುದ್ದಕ್ಕೂ ಬರಿಗಾಲಲ್ಲಿ ನಡೆಯುವುದು. ಹುಲ್ಲಿನೊಳಗೆ ಕಣ್ಣಿಗೆ ಕಾಣದ ಜಿನುಗು ಅಂಗಾಲಿಗೆ ತಣ್ಣಗೆ ತಾಗುತ್ತದೆ. ತಾಗಿದ ಕಡೆ ತಡಮಾಡದೆ ಮಣ್ಣು ಹಾಕಿ ತುಳಿದು ಗಟ್ಟಿ ಮಾಡಿಸಬೇಕು. ಕೆಳಗಿನ ಕೇರಿಯವರ ಜೀವ ಹಿರಿಯನ ಅಂಗಾಲಿನಲ್ಲಿತ್ತು ಎಂದರೆ ಹೆಚ್ಚಿನ ಮಾತಲ್ಲ.

ಹಾಗೆ ಆರಿಸಿ ಬಂದವನು ಭರಮಗೌಡ. ಮಣ್ಣು ಕೇಳಲು ಬಂದಾಗ ಅವನು ಕಂಡಕಂಡವರ ಜಗಲಿಯ ಮೇಲೆ ಕೂತು, ಅವರು ಕೊಟ್ಟ ರೊಟ್ಟಿ ತಿಂದು, ಅವರ ಮಕ್ಕಳ ಮೂಗು ಒರೆಸಿದ್ದನಂತೆ. ಗೆದ್ದ ಮೇಲೆ ಮನೆಗೆ ಮಾಳಿಗೆ ಏರಿತು, ಬಾಗಿಲಿಗೆ ಹಿತ್ತಾಳೆಯ ಹೂ ಬಂದವು, ಗೌಡನ ಹೊಟ್ಟೆಯೂ ಸುಮಾರಾಗಿ ಮುಂದೆ ಬಂತು. ಊರು ಸುರಿದ ಮಣ್ಣು ಏರಿಗೆ ಹೋಗದೆ, ಅವನ ತಗ್ಗಾದ ಅಂಗಳವನ್ನು ಎತ್ತರಿಸಿತು. ಗಾಡಿ ಯಾವ ಕಡೆ ಹೋಯಿತೆಂದು ಹಿಂದೆ ಹೋಗಿ ನೋಡಿದವರು ಯಾರೂ ಇಲ್ಲ. ಅವನ ಹೆಂಡತಿ ತಿರಕವ್ವ ಮಾತ್ರ ದಿನವೂ ಆ ಅಂಗಳ ಗುಡಿಸುತ್ತಿದ್ದಳು. ಯಾರು ಹೊಗಳಿದರೂ, ಏನು ಬೇಡಲು ಬಂದರೋ ಎಂದು ಒಮ್ಮೆ ಅವರ ಕೈಯತ್ತ ನೋಡುವ ಹೆಂಗಸು ಆಕೆ. ಮಣ್ಣಿನ ವಿಷಯ ಕೇಳಿದಾಗ, ಏರಿಗೆ ಬೇರೆ ಒಳ್ಳೆಯ ಮಣ್ಣು ತರಿಸುತ್ತೇನೆಂದು ಗೌಡ ಹೇಳಿದ್ದ. ಅದು ಬರಲೇ ಇಲ್ಲ. ಆಕೆಯ ಅಕ್ಕ ಕರೆವ್ವ ಇದ್ದದ್ದು ಕೆಳಗಿನ ಕೇರಿಯಲ್ಲಿ, ಏರಿಯ ನೆರಳು ಬೀಳುವಷ್ಟು ಹತ್ತಿರ.

ಒಂದು ವರ್ಷ ಕೆರೆ ತುಂಬಿತು. ಮತ್ತೆ ಹಿರಿಯನನ್ನು ಆರಿಸುವ ಕಾಲವೂ ಹತ್ತಿರ ಬಂದಿತ್ತು. ಏರಿ ನಡೆಯದೆ ಮಣ್ಣು ಕೇಳುವ ಹಾಗಿಲ್ಲ. ಆದರೆ ಮೆತ್ತಗಾಗಿದ್ದ ಪಾದಕ್ಕೆ ಮುಳ್ಳು ಕಲ್ಲು ಬೇಡವಾಗಿದ್ದವು. ಗೌಡ ಎರಡು ದಪ್ಪ ಜಮಖಾನೆ ತರಿಸಿದ. ಆಳುಗಳು ಹಿಂದಿನದನ್ನು ಎತ್ತಿ ಮುಂದೆ ಹಾಸುತ್ತಾ ಹೋದರು, ಅವನು ಬರಿಗಾಲಲ್ಲೇ ನಡೆದ. ಕಟ್ಟಳೆ ಮುರಿದ ಎನ್ನಲು ಯಾರಿಗೂ ಬಾಯಿಲ್ಲ. ಹುಣಸೆ ಮರದ ಕೆಳಗೆ ಒಂದು ಜಮಖಾನೆಯ ಮೇಲೆ ಕೂತು ಬೆಲ್ಲದ ಪಾನಕ ಕುಡಿದು, ಬಹಳ ಹೊತ್ತು ದಣಿವಾರಿಸಿಕೊಂಡು, ಏರಿ ಬಂಡೆಯ ಹಾಗಿದೆ ಎಂದು ಸಾರಿದನಂತೆ.

ಜಮಖಾನೆಗಳು ಮನೆಗೆ ಬಂದಾಗ ಒಂದು ಒಣಗಿತ್ತು, ಇನ್ನೊಂದು ಒದ್ದೆಯಾಗಿತ್ತು. ಮಳೆ ಹಿಂದೆಗೆದು ದಿನಗಳಾಗಿದ್ದವು. ಪಾನಕ ಚೆಲ್ಲಿತೆಂದು ಗೌಡ ಹೇಳಿದ. ತಿರಕವ್ವ ಅದನ್ನು ಹಿತ್ತಲ ನೆರಳಿನಲ್ಲಿ ಹರಡಿ ಕಾದಳು. ಇರುವೆ ಸಾಲು ಪಕ್ಕದಲ್ಲೇ ಹೋಗುತ್ತಿತ್ತು. ಒಂದೇ ಒಂದು ಇರುವೆಯೂ ಅದರ ಕಡೆ ತಿರುಗಲಿಲ್ಲ. ಆಕೆ ಅಡಿಮಗ್ಗುಲನ್ನು ಮೂಸಿದಳು. ಕೆಂಪು ಕಲೆ, ಕೆರೆಯ ಕೆಸರಿನ ವಾಸನೆ. ಅಗಸಗಿತ್ತಿಗೆಂದು ತೆಗೆದಿಟ್ಟ ಗಂಡನ ಧೋತರವನ್ನೂ ಬಿಡಿಸಿ ನೋಡಿದಳು. ಕೂತ ಜಾಗದಲ್ಲಿ ಅದೇ ಕೆಂಪು ಕಲೆ. ಅಂದರೆ ಜಮಖಾನೆ ದಾಟಿ ನೀರು ಅವನಿಗೂ ತಾಗಿತ್ತು.

"ನಿಮಗ ಗೊತ್ತಿತ್ತು," ಎಂದಳು ತಿರಕವ್ವ.

"ಮೆಲ್ಲಕ ಮಾತಾಡು," ಎಂದ ಗೌಡ. "ನಾಳೆ ಮಣ್ಣು ಹಾಕೂ ದಿನ. ಇವತ್ತ ಏರಿ ಜಿನುಗತೈತಿ ಅಂದ್ರ, ಹಿಂದಿನ ಮಣ್ಣು ಎಲ್ಲಿ ಅಂತ ಕೇಳ್ತಾರ. ಆರಿಸಿ ಬರ್ಲಿ, ಆಮ್ಯಾಲೆ ನೋಡೂಣು."

"ಅಷ್ಟ್ರಾಗ ಹಿಂಗಾರು ಮಳಿ ಹೊಡೀತಂದ್ರ? ಕೆಳಗಿನ ಕೇರ್ಯಾಗ ನಮ್ಮಕ್ಕ ಅದಾಳ್ರೀ."

ಗೌಡ ಸ್ವಲ್ಪ ಯೋಚಿಸಿದ. "ಅಕಿನ್ನ ಇಲ್ಲಿಗೆ ಕರಕೊಂಡು ಬಂದುಬಿಡು. ಉಳಿದವರ ಮುಂದ ಬಾಯಿ ಬಿಡಬ್ಯಾಡ."

ಅಲ್ಲಿಯವರೆಗೆ ತಿರಕವ್ವನಿಗೆ ಇದ್ದದ್ದು ಅನುಮಾನ. ಈ ಮಾತು ಕೇಳಿ ಆಕೆಗೆ ಗಂಡನ ಬಗ್ಗೆ ಹೇಸಿಕೆ ಬಂತು. ಒಬ್ಬಳನ್ನು ಕರೆತಂದರೆ ಸಾಕು, ಉಳಿದವರು ನಾಳೆ ತಂತಮ್ಮ ಬುಟ್ಟಿ ಸುರಿದು ಹೋಗಿ ಅದೇ ಕೇರಿಯಲ್ಲಿ ಮಲಗಲಿ ಎಂದು ಅವನು ಲೆಕ್ಕ ಹಾಕಿದ್ದ. ಆಕೆ ಅಕ್ಕನನ್ನು ಕರೆಯಲು ಹೋಗಲಿಲ್ಲ. ಜಮಖಾನೆಯನ್ನು ಬಿಸಿಲಿಗೂ ಹಾಕಲಿಲ್ಲ, ಮಡಚಿ ನೆರಳಿನಲ್ಲೇ ಇಟ್ಟಳು.

ಮರುದಿನ ಬಯಲಿನಲ್ಲಿ ಬುಟ್ಟಿಗಳು ಬರಿದಾದವು. ಎದುರಾಳಿಯ ಗುಡ್ಡೆಗಿಂತ ಭರಮಗೌಡನ ಗುಡ್ಡೆಯೇ ದೊಡ್ಡದಾಗಿತ್ತು. ಕರೆವ್ವನ ಬುಟ್ಟಿಯೂ ಅದರಲ್ಲೇ ಸೇರಿತ್ತು. ಹಿರಿಯನ ಮನೆಯ ಬುಟ್ಟಿ ಎಲ್ಲಕ್ಕಿಂತ ಕೊನೆಗೆ ಬರುವುದು ರೂಢಿ. ತಿರಕವ್ವ ಅದನ್ನು ಹೊತ್ತು ತಂದು ಬೋರಲು ಹಾಕಿದಳು. ಮಣ್ಣು ಬೀಳಲಿಲ್ಲ, ಮಡಚಿದ ಜಮಖಾನೆ ಬಿತ್ತು.

"ಹುಣಸೀಗಿಡದ ಕೆಳಗ ಹಾಸಿದ್ದಿದು," ಎಂದಳು. "ಮುಟ್ಟಿ ನೋಡ್ರಿ. ಮ್ಯಾಲಲ್ಲ, ಕೆಳಗ."

ಜನ ಒಬ್ಬೊಬ್ಬರಾಗಿ ಬಗ್ಗಿ ಮುಟ್ಟಿದರು. ಮುಟ್ಟಿದವರು ಗೌಡನನ್ನು ನೋಡಲಿಲ್ಲ, ಏರಿಯ ಕಡೆ ನೋಡಿದರು. ಕರೆವ್ವ ಮುಂದೆ ಬಂದು, "ಹಿಂದ ನಾವು ಹಾಕಿದ ಮಣ್ಣೆಲ್ಲಿ ಹೋತು, ತಂಗಿ?" ಎಂದು ಕೇಳಿದಳು.

"ನಮ್ಮ ಅಂಗಳದಾಗ ಐತಿ, ಅಕ್ಕಾ. ದಿನಾ ನಾನ ಕಸ ಹೊಡೀತೀನಿ. ಗುದ್ದಲಿ ತರ್ರಿ."

ಎರಡೂ ಗುಡ್ಡೆಗಳು ಏರಿಗೆ ಹೋದವು. ಅವು ಸಾಲದೆ ಗೌಡನ ಅಂಗಳವನ್ನು ಅಗೆದರು. ಮೊದಲ ಬುಟ್ಟಿಯನ್ನು ತಿರಕವ್ವನೇ ಹೊತ್ತಳು. ಅಂಗಳ ಮತ್ತೆ ತಗ್ಗಾಗುವ ಹೊತ್ತಿಗೆ ಹುಣಸೆ ಮರದ ಹತ್ತಿರ ನೆಲ ಗಟ್ಟಿಯಾಯಿತು. ಹಿಂಗಾರು ಹೊಡೆದಾಗ ಕೆರೆ ಕೋಡಿ ಹರಿಯಿತು, ಏರಿ ನಿಂತಿತು. ಭರಮಗೌಡ ನಾಚಿಕೆಯಿಂದ ಊರು ಬಿಟ್ಟ ಎಂದು ಕೆಲವರು ಹೇಳುತ್ತಾರೆ. ಇನ್ನು ಕೆಲವರ ಪ್ರಕಾರ ಅವನು ತಾನೂ ಒಂದು ಬುಟ್ಟಿ ಹೊತ್ತು ತಂದನಂತೆ. ಜನ ಅದರೊಳಗೆ ಕೈ ಹಾಕಿ ನೋಡಿದ ಮೇಲೆಯೇ ಏರಿಗೆ ಸುರಿಯಗೊಟ್ಟರಂತೆ. ಅವನ ಜಾಗಕ್ಕೆ ಬಂದ ಹಿರಿಯ ಜಮಖಾನೆಯ ಹೆಸರೆತ್ತಿದರೆ ಕಿವಿ ಮುಚ್ಚುತ್ತಿದ್ದನಂತೆ. ಆದರೂ ಅವನು ಏರಿ ನಡೆದಾಗ ಅವನ ಹಿಂದೆಯೇ ತಿರಕವ್ವ ತಾನೂ ಬರಿಗಾಲಲ್ಲಿ ನಡೆದುಬಂದಳು ಎನ್ನುತ್ತಾರೆ.

ಕೆರೆಹಿರಿಯರು ಹೋಗಿ ಎಷ್ಟೋ ಕಾಲವಾಯಿತು. ಈಗ ಆರಿಸಿ ಬಂದವರು ಕೆರೆ ತುಂಬಿದಾಗ ಬಾಗಿನ ಅರ್ಪಿಸಲು ಕಾರುಗಳ ಸಾಲಿನಲ್ಲಿ ಬರುತ್ತಾರೆ. ಶಾಮಿಯಾನದವರು ಕಮಾನಿನಿಂದ ಕೆಂಪು ಹಾಸು ಹಾಸುತ್ತಾರೆ. ಹುಣಸೆ ಮರದ ಬರಿನೆಲ ಬರುವ ಮುನ್ನ ಅದು ನಿಲ್ಲುತ್ತದೆ, ಬಂದವರೂ ಅಲ್ಲಿಂದಲೇ ಹಿಂದಿರುಗುತ್ತಾರೆ. ಭಾಷಣ ಮುಗಿದು ಕಾರುಗಳ ಧೂಳು ಇಳಿದ ಮೇಲೆ ಸ್ವಲ್ಪ ಹೊತ್ತು ನಿಂತವರಿಗೆ ಇನ್ನೊಂದು ನೋಟ ಸಿಗುತ್ತದೆ. ಕೆಳಗಿನ ಕೇರಿಯ ಹೆಂಗಸರು ಚಪ್ಪಲಿ ಕಳೆದು ಆ ಬರಿನೆಲದ ಮೇಲೆ ನಿಧಾನವಾಗಿ ನಡೆದುಬರುತ್ತಾರೆ. ಬಂದು, ಕೆಂಪು ಹಾಸಿನ ಅಂಚನ್ನು ಎತ್ತಿ, ಅದರ ಅಡಿಗೆ ಅಂಗೈ ಇಟ್ಟು ನೋಡುತ್ತಾರೆ.