ಇನ್ನೊಂದು ವರ್ಷ ಇರಬಹುದೇ?

"ಫಾದರ್, ಇರುವ ಮಠ ಇದ್ದ ಮಠವಾಗುವುದು ಯಾವ ದಿನ?"

ಕೇಳಿದವನು ಬ್ರದರ್ ಲಿಗೋರಿ, ಫ್ರಾನ್ಸಿಸ್ಕನ್ ಸಭೆಯ ಕಿರಿಯ ಸನ್ಯಾಸಿ. ಕೇಳಿದ್ದಕ್ಕಿಂತ ಗದರಿದಂತೆಯೇ ಇತ್ತು. ಸಭೆಯ ಪುಸ್ತಕದಲ್ಲಿ ಎರಡು ಪಟ್ಟಿಗಳಿವೆ: ಇರುವ ಮಠಗಳು, ಇದ್ದ ಮಠಗಳು. ಅವನ ಮಠ ಎರಡನೆಯದಕ್ಕೆ ಜಾರಲಿತ್ತು. ಇರಲು ಮನೆ ಕೊಟ್ಟಿದ್ದ ಊರಿನವರೇ ಅದನ್ನು ಹಿಂದಕ್ಕೆ ಕೇಳಿದ್ದರು. ಬಿಡುವುದಿಲ್ಲವೆಂದು ಲಿಗೋರಿ ಕೋರ್ಟಿಗೆ ಅರ್ಜಿ ಬರೆಸಿದ್ದ. ಹಿರಿಯರಾದ ಫಾದರ್ ಬೊನಿಫಾಸರ ಸಹಿಯೊಂದು ಬಾಕಿ.

"ಓದುವುದೇನೂ ಬೇಡ, ಸಹಿ ಹಾಕಿ," ಎಂದ. ಕೋಪ ಬಂದರೆ ಅವನಿಗೆ ಗುರುಗಳೂ ಗುಮಾಸ್ತರೇ.

ಫಾದರ್ ಪೆನ್ನು ಮುಟ್ಟಲಿಲ್ಲ. "ಕೂತು ಕೇಳು," ಎಂದರು.

ಒಂದು ಊರಿನಲ್ಲಿ ನಮ್ಮದೊಂದು ಮಠವಿತ್ತು. ನಮ್ಮದು ಎಂದದ್ದು ಮಾತಿಗೆ. ನಮ್ಮ ಸಭೆಯವರು ಬೇಡಿ ಉಣ್ಣಬೇಕು, ಯಾವುದನ್ನೂ ನನ್ನದು ಎನ್ನಬಾರದು. ಮನೆ ಊರಿನವರದ್ದು. ಹಾಗಾಗಿ ಸಂತರ ಹಬ್ಬದ ದಿನ ಸನ್ಯಾಸಿಗಳೆಲ್ಲ ಹೊರಗೆ ಬಂದು ಬಾಗಿಲಿಗೆ ಬೀಗ ಹಾಕುತ್ತಿದ್ದರು. ಮಠದ ಹಿರಿಯನು ಬೀಗದ ಕೈಯನ್ನು ಊರಿನ ಅತ್ಯಂತ ಹಿರಿಯರ ಕೈಗೆ ಕೊಟ್ಟು, "ಇನ್ನೊಂದು ವರ್ಷ ಇರಬಹುದೇ?" ಎಂದು ಕೇಳುತ್ತಿದ್ದ. "ಇರಿ ಸ್ವಾಮಿ," ಎಂದು ಅವರು ಹಿಂದಕ್ಕೆ ಕೊಡುತ್ತಿದ್ದರು. ಆಮೇಲೆ ಎಲ್ಲರಿಗೂ ಊಟ. ನೂರು ವರ್ಷ ಹೀಗೇ ನಡೆಯಿತು.

ಆಮೇಲೆ ಮಠಕ್ಕೊಬ್ಬ ಹೊಸ ಹಿರಿಯ ಬಂದ. ಗಟ್ಟಿಗ. ಸೂರು ರಿಪೇರಿ ಮಾಡಿಸಿದ, ಸುತ್ತ ಗೋಡೆ ಕಟ್ಟಿಸಿದ. ಯಾರಿಗೂ ಹೇಳದೆ ಇನ್ನೊಂದು ಬೀಗದ ಕೈ ಮಾಡಿಸಿದ.

ಆ ವರ್ಷ ಊರಿಗೆ ಹಿರಿಯಳಾಗಿದ್ದವಳು ಬುಟ್ಟಿ ಹೆಣೆಯುವ ಒಬ್ಬ ಮುದುಕಿ. ಹಬ್ಬದ ದಿನ ಅವನು ಅವಳಿಗೆ ಬೀಗದ ಕೈ ಕೊಟ್ಟ, ಕೇಳಿದ. ಅವಳು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅನ್ನ ಸೀದ ವಾಸನೆ ಬಂತು. ಅವನು ಗಡಬಡಿಸಿ ಜೇಬಿನಿಂದ ಇನ್ನೊಂದು ಬೀಗದ ಕೈ ತೆಗೆದು ಬಾಗಿಲು ತೆರೆದೇಬಿಟ್ಟ.

ಊರಿಗೆ ಊರೇ ನೋಡಿತು.

"ಹಂಗಾದ್ರೆ ನನ್ನ ಕೈಯಾಗಿರೋದು ಏನು ಸ್ವಾಮಿ, ಮಕ್ಕಳ ಗಿಲಕಿನಾ?" ಎಂದಳು ಮುದುಕಿ.

ಅವನು ನಕ್ಕ. "ಇದೊಂದು ಪದ್ಧತಿ ಅಷ್ಟೇ ಅಮ್ಮ. ಬೇಗ ಹೇಳು, ಊಟ ಆರುತ್ತೆ."

"ನೀನು ಕೇಳಿದ್ದು ಪದ್ಧತಿಗೆ. ನಾವು ಇಷ್ಟು ವರ್ಷ ಕೊಟ್ಟಿದ್ದು ಮನಸಾರೆ. ಈ ವರ್ಷ ಬ್ಯಾಡ, ನಡೀರಿ."

ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟೇಹೋದಳು. ಊರಿನವರು ಒಬ್ಬರೂ ಅವಳನ್ನು ತಡೆಯಲಿಲ್ಲ. ಸಂಜೆಯೊಳಗೆ ಮಠ ಖಾಲಿಯಾಯಿತು.

ಲಿಗೋರಿ ಧಡಕ್ಕನೆ ಎದ್ದ. ಅವನಿಗೆ ಸಿಟ್ಟು ಬಂದಿತ್ತು. ಆ ಮುದುಕಿಯ ಮೇಲೆ, ಅವಳನ್ನು ತಡೆಯದ ಊರಿನ ಮೇಲೆ, ಅನ್ನದ ಒಲೆಯ ಮೇಲೆ ಕೂಡ.

"ಒಂದು ಬೀಗದ ಕೈಗಾಗಿ ಸನ್ಯಾಸಿಗಳನ್ನು ಬೀದಿಗೆ ತಳ್ಳುವುದೇ? ನಾಳೆ ನನ್ನನ್ನೂ ತಳ್ಳುತ್ತಾರೆ. ಸಹಿ ಹಾಕುತ್ತೀರೋ ಇಲ್ಲವೋ?"

ಫಾದರ್ ಬೊನಿಫಾಸರಿಗೂ ಆಗ ರೇಗಿತು.

"ಬೀದಿ ಬೇಡ ಎನ್ನುವವನು ಈ ನಿಲುವಂಗಿ ಯಾಕೆ ತೊಟ್ಟೆಯೋ?"