ದುಭಾಷಿಯ ಇಂಗ್ಲಿಷು

“ಗುರುಗಳೇ, ಇಂಗ್ಲಿಷಿನಲ್ಲಿ ಮಾತಾಡುವಾಗ ಮುಖ್ಯವಾದದ್ದನ್ನು ವಾಕ್ಯದಲ್ಲಿ ಎದ್ದು ಕಾಣುವ ಕಡೆ ಇಡಬೇಕು, ಅದರ ಮೇಲೆ ದನಿಯ ಭಾರ ಹಾಕಬೇಕು ಎನ್ನುತ್ತಾರೆ. ಪದಗಳು ಸರಿಯಾಗಿದ್ದರೆ ಸಾಲದೇ?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಬಿಳಿಯ ದೊರೆಗಳ ಕಾಲದಲ್ಲಿ ಒಂದು ಅಣೆಕಟ್ಟಿನ ಕಚೇರಿಯಲ್ಲಿ ಒಬ್ಬ ದುಭಾಷಿಯಿದ್ದ. ಜನರ ಅಹವಾಲು ಕೇಳಿ ದೊರೆಗೆ ಇಂಗ್ಲಿಷಿನಲ್ಲಿ ಒಪ್ಪಿಸುವುದು ಅವನ ಕೆಲಸ. ಅರ್ಜಿಗಳನ್ನು ನಕಲು ಮಾಡಿ ಮಾಡಿ ಇಂಗ್ಲಿಷ್ ಕಲಿತವನು. ಮಾತಾಡಿದರೂ ಅರ್ಜಿ ಓದಿದ ಹಾಗೆಯೇ. ಮೊದಲು ದೊರೆಯ ಬಿರುದು, ಆಮೇಲೆ ಕ್ಷೇಮ, ಆಮೇಲೆ ಬಂದ ಸರದಿಯಲ್ಲಿ ವಿಷಯಗಳು, ಎಲ್ಲವೂ ಒಂದೇ ದನಿಯಲ್ಲಿ. ದೊರೆಯ ಮುಂದೆ ದನಿ ಏರಿಸುವುದು ಮರ್ಯಾದೆಗೇಡು ಎಂದು ಅವನ ಎಣಿಕೆ. ತನ್ನ ಇಂಗ್ಲಿಷಿನಲ್ಲಿ ಒಂದು ತಪ್ಪು ಹುಡುಕಿ ತೋರಿಸಿ ನೋಡೋಣ ಎನ್ನುವಷ್ಟು ಜಂಬ ಬೇರೆ.

ಒಂದು ಬೇಸಿಗೆಯಲ್ಲಿ, ಮರುದಿನ ಬೆಳಗ್ಗೆ ಅಣೆಕಟ್ಟಿನ ಬಾಗಿಲು ತೆಗೆಯಬೇಕೆಂದು ಅಪ್ಪಣೆಯಾಯಿತು. ಸುದ್ದಿ ಕೇಳಿ ಊರ ಸಂತೆಯಿಂದ ಒಬ್ಬ ಹೆಂಗಸು ಓಡಿ ಬಂದಳು. ಬತ್ತಿದ ಹೊಳೆಯ ಮರಳಿನಲ್ಲಿ ಕಲ್ಲಂಗಡಿ ಬೆಳೆದು ಸಂತೆಗೆ ತಂದು ಮಾರುವವಳು ಅವಳು.

“ಅಪ್ಪಾ, ನನ್ ಮಗ, ಸೊಸೆ, ನಮ್ಮೋರೆಲ್ಲ ಹೊಳೆ ಮರಳಲ್ಲೇ ಗುಡಿಸಲು ಹಾಕ್ಕೊಂಡವ್ರೆ. ನಾನು ನಡ್ಕೊಂಡು ಹೋಗಿ ಮುಟ್ಟೋದ್ರೊಳಗೆ ನಾಳೆ ಸಂಜೆ ಆಯ್ತದೆ. ಒಂದೇ ಒಂದು ದಿನ ನೀರು ತಡೀರಿ ಅಂತ ದೊರೆಗೆ ಹೇಳಪ್ಪಾ!” ಎಂದು ಕಾಲು ಹಿಡಿದಳು.

ದುಭಾಷಿಗೆ ಮರುಕ ಬರದೆ ಇರಲಿಲ್ಲ. ಒಳಗೆ ಹೋದ. ಬಿರುದು ಹೇಳಿದ, ಕ್ಷೇಮ ಕೇಳಿದ. ಕುದುರೆ ಲಾಯಕ್ಕೆ ಹುಲ್ಲು ಸಾಲದು ಎಂದ. ಹೊಳೆಯಲ್ಲಿ ಜನರಿದ್ದಾರೆ, ಒಂದು ದಿನ ನೀರು ತಡೆಯಬೇಕಂತೆ ಎಂದ. ಕಚೇರಿಯ ಹೆಂಚು ಒಡೆದಿದೆ ಎಂದ. ಎಲ್ಲಿಯೂ ದನಿ ಏರಲಿಲ್ಲ. ಅಷ್ಟು ತಣ್ಣಗೆ ಹೇಳಿದ್ದರಲ್ಲಿ ಅವಸರದ್ದೇನೂ ಇರಲಾರದೆಂದು ದೊರೆ ಕಾಗದ ನೋಡುತ್ತಲೇ ಎಲ್ಲಕ್ಕೂ ತಲೆಯಾಡಿಸಿದ.

ದುಭಾಷಿ ಹೊರಗೆ ಬಂದು, “ಹೇಳಿದ್ದೇನೆ, ದೊರೆ ಒಪ್ಪಿದ್ದಾರೆ, ಹೋಗಮ್ಮ” ಎಂದ. ಅವಳು ಕೈಮುಗಿದು ಹೊರಟಳು.

ಬೆಳಗ್ಗೆ ಬಾಗಿಲು ತೆಗೆದರು. ಸಂಜೆ ಅವಳು ಮುಟ್ಟಿದಾಗ ಹೊಳೆ ದಂಡೆ ತುಂಬ ಹರಿಯುತ್ತಿತ್ತು. ಹೆಸರು ಹಿಡಿದು ಕೂಗಿದಳು. ಓಗೊಡುವವರು ಯಾರೂ ಇರಲಿಲ್ಲ.

“ಜನರಿದ್ದಾರೆಂದು ಏಕೆ ಹೇಳಲಿಲ್ಲ?” ಎಂದು ದೊರೆ ದುಭಾಷಿಯನ್ನು ಗದರಿದ.

“ಜನರಿದ್ದಾರೆ, ನೀರು ತಡೆಯಬೇಕಂತೆ ಎಂದು ಹೇಳಿದ್ದೆ, ಪ್ರಭೂ” ಎಂದ ದುಭಾಷಿ. ಅದು ಸುಳ್ಳಲ್ಲ. ಆದರೂ ಆಮೇಲೆ ಅವನಿಗೆ ನೆಟ್ಟಗೆ ನಿದ್ದೆ ಹತ್ತಲಿಲ್ಲ.

ಕತೆ ಕೇಳಿದ ಶಿಷ್ಯ, “ಪಾಪ, ಇಂಗ್ಲಿಷಿನಲ್ಲಿ ದನಿ ಎಲ್ಲಿ ಏರಿಸಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ” ಎಂದ.

ಗುರುಗಳು ಹೇಳಿದರು: “ಆ ಮರಳಿನಲ್ಲಿ ಅವನ ಮಗನಿದ್ದಿದ್ದರೆ, ಯಾರೂ ಕಲಿಸಬೇಕಾಗಿರಲಿಲ್ಲ.”